ಒಂದು ದೇಶ ಹೆಡ್‌ಲೈಟ್ ಬದಲಿಸಿದ ಕಥೆ

ರಾತ್ರಿ ನಿಮ್ಮ ಕಾರನ್ನ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಲೈಟನ್ನ ಡಿಮ್‌ಗೆ ಹಾಕಿ ನೋಡಿ. ಸಾಮಾನ್ಯವಾಗಿ ಬೆಳಕಿನ ಮೇಲಂಚು ಬಲಗಡೆ ತಗ್ಗಿರುತ್ತೆ, ಎಡಗಡೆ ಮೇಲಕ್ಕೇರಿರುತ್ತೆ. ಎಡಗಡೆ ನಡೆದು ಹೋಗೋರು, ಬೋರ್ಡುಗಳು ಕಾಣಬೇಕು. ಬಲಗಡೆಯಿಂದ ಎದುರು ಬರೋರ ಕಣ್ಣು ಕುಕ್ಕಬಾರದು. ಜನ ಬಲಗಡೆ ಓಡಿಸೋ ದೇಶಕ್ಕೆ ಇದೇ ಕಾರು ಹೋದ್ರೆ ಲೆಕ್ಕ ಉಲ್ಟಾ. ಅದಕ್ಕೇ ಇಂಗ್ಲೆಂಡಿನಿಂದ ಫ್ರಾನ್ಸಿಗೆ ಕಾರು ಒಯ್ಯೋರು ಹೆಡ್‌ಲೈಟಿನ ಗಾಜಿಗೆ ಸ್ಟಿಕ್ಕರ್ ಅಂಟಿಸ್ಕೋತಾರೆ. ಕೆಲವು ಹೊಸ ಕಾರುಗಳಲ್ಲಿ ಸ್ಕ್ರೀನಿನ ಮೆನುವಿನಲ್ಲೇ ಬದಲಿಸಬಹುದು.

ಪ್ರವಾಸಿಗೆ ಇದು ಐದು ನಿಮಿಷದ ಕೆಲಸ. ಆದರೆ ಇಡೀ ದೇಶವೇ ಒಂದು ಬೆಳಗ್ಗೆ ರಸ್ತೆಯ ಬದಿ ಬದಲಿಸಿದ್ರೆ?

ಸ್ವೀಡನ್ 1734ರಿಂದ ಎಡಗಡೆ ಓಡಿಸ್ತಿತ್ತು. ಅಕ್ಕಪಕ್ಕದ ನಾರ್ವೆ, ಫಿನ್ಲೆಂಡ್ ಎರಡೂ ಬಲಗಡೆ. ತಮಾಷೆ ಅಂದ್ರೆ, ಸ್ವೀಡನ್ನಿನ ಹೆಚ್ಚಿನ ಕಾರುಗಳ ಸ್ಟೀರಿಂಗ್ ಇದ್ದದ್ದೂ ಎಡಕ್ಕೇ. ಡ್ರೈವರ್ ರಸ್ತೆಯ ಅಂಚಿಗೆ ಕೂತಿರ್ತಿದ್ದ. ಮುಂದಿನ ಲಾರಿಯನ್ನ ಓವರ್‌ಟೇಕ್ ಮಾಡೋಕೆ ಹೊರಟರೆ ಎದುರಿಂದ ಏನು ಬರ್ತಿದೆ ಅಂತ ಕಾಣೋದು ಕಷ್ಟ. ಕಿರಿದಾದ ರಸ್ತೆಗಳಲ್ಲಿ ಇದು ಪ್ರಾಣದ ಪ್ರಶ್ನೆ.

ಆದರೂ 1955ರ ಜನಮತಗಣನೆಯಲ್ಲಿ ಸುಮಾರು 83 ಶೇಕಡಾ ಜನ 'ಎಡವೇ ಇರಲಿ' ಅಂದರು. ಎಂಟು ವರ್ಷ ಬಿಟ್ಟು, 1963ರಲ್ಲಿ, ಸಂಸತ್ತು ಬಲಕ್ಕೆ ಹೋಗೋ ತೀರ್ಮಾನ ಮಾಡೇಬಿಟ್ಟಿತು. ಇನ್ನೂ ತಡ ಮಾಡಬಾರದು ಅನ್ನೋದಕ್ಕಿದ್ದ ಒಂದು ಕಾರಣ ಹೆಡ್‌ಲೈಟ್! ಆಗಿನ ಹೆಚ್ಚಿನ ಕಾರುಗಳಿಗೆ ಒಂದೇ ಅಳತೆಯ ದುಂಡನೆಯ, ಅಗ್ಗದ ದೀಪ. ಆದರೆ ಪ್ರತಿ ಮಾಡೆಲ್‌ಗೂ ಬೇರೆ ಬೇರೆ ಆಕಾರದ ದುಬಾರಿ ದೀಪಗಳು ಆಗಲೇ ಬರತೊಡಗಿದ್ದವು. ಮುಂದೂಡಿದಷ್ಟೂ ಜನರ ಜೇಬಿಗೇ ಕತ್ತರಿ.

1967ರ ಸೆಪ್ಟೆಂಬರ್ 3, ಭಾನುವಾರ. 'ದಾಗೆನ್ ಹೋ', ಅಂದ್ರೆ 'ಬಲದ ದಿನ'. ನಸುಕಿನ 4:50ಕ್ಕೆ ರಸ್ತೆಯಲ್ಲಿದ್ದ ಬೆರಳೆಣಿಕೆಯ ಗಾಡಿಗಳೆಲ್ಲ ನಿಂತು, ಮೆಲ್ಲಗೆ ಬಲಕ್ಕೆ ಸರಿದು, 5 ಗಂಟೆವರೆಗೆ ಕಾದು ಹೊರಟವು. ಅದಕ್ಕೂ ಮೊದಲೇ ಸುಮಾರು 3,60,000 ಬೋರ್ಡುಗಳ ಕೆಲಸ, ಬಸ್ಸುಗಳ ಬಾಗಿಲನ್ನ ಇನ್ನೊಂದು ಬದಿಗೆ ತರೋ ಕೆಲಸ ನಡೆದಿತ್ತು. ಹಾಲಿನ ಪ್ಯಾಕೆಟ್ಟಿನಿಂದ ಒಳಉಡುಪಿನವರೆಗೆ ಎಲ್ಲದರ ಮೇಲೂ ಆ ದಿನದ ಲಾಂಛನ. ಅದಕ್ಕೊಂದು ಹಾಡೂ ಬಂದಿತ್ತು.

ಮಾರನೇ ದಿನ ಸೋಮವಾರ ವರದಿಯಾದ ಅಪಘಾತಗಳು 125. ಹಿಂದಿನ ಸೋಮವಾರಗಳಲ್ಲಿ ಅದು 130ರಿಂದ 198ರವರೆಗೆ ಇರ್ತಿತ್ತು. ಆವತ್ತು ಒಂದು ಸಾವೂ ಇಲ್ಲ. ಹೊಸ ಬದಿಯ ಭಯಕ್ಕೆ ಎಲ್ಲರೂ ಮೈಯೆಲ್ಲ ಕಣ್ಣಾಗಿ ಓಡಿಸಿದ್ದರು. ಎರಡು ವರ್ಷದಲ್ಲಿ ಭಯ ಹೋಯಿತು, ಅಪಘಾತಗಳ ಸಂಖ್ಯೆ ಹಳೇ ಮಟ್ಟಕ್ಕೇ ಬಂತು.

ಜನ ಬೇಡ ಅಂದದ್ದನ್ನ ಮಾಡೋ ಸರ್ಕಾರ ಅಂದ್ರೆ ನನಗೆ ಮೊದಲು ಅನುಮಾನವೇ. ಇಲ್ಲೂ ಆ ಕಸಿವಿಸಿ ಪೂರ್ತಿ ಹೋಗಲ್ಲ. ಆದರೆ ಈ ಸರ್ಕಾರ ರಾತ್ರೋರಾತ್ರಿ ಆದೇಶ ಹೊರಡಿಸಿ ಕೈತೊಳೆದುಕೊಳ್ಳಲಿಲ್ಲ. ನಾಲ್ಕು ವರ್ಷ ಸಮಯ ಕೊಟ್ಟಿತು, ಮನೆಮನೆಗೂ ವಿಷಯ ಮುಟ್ಟಿಸಿತು, ಎದುರಿಂದ ಬರೋರ ಕಣ್ಣಿಗೆ ಬೆಳಕು ಹೊಡೆಯದ ಹಾಗೆ ದೀಪದ ಚಿಂತೆಯನ್ನೂ ಮಾಡಿತು. ಅದಕ್ಕೇ ನಾನು, ಸ್ವಲ್ಪ ಅಳುಕಿನಿಂದಲೇ, ಸಂಸತ್ತಿನ ಪಕ್ಷ. ಮರುವರ್ಷ ಐಸ್‌ಲ್ಯಾಂಡ್ ಕೂಡ ಬಲಕ್ಕೆ ಹೊರಳಿತು.