ಹಡಗು ಹತ್ತಿದ ಮಕ್ಕಳು

ಬಾಸೆಲ್ ಮಿಶನ್ ಎಂದರೆ ನಮ್ಮ ಕರಾವಳಿಯವರಿಗೆ ಹಂಚು, ನೇಯ್ಗೆ, ಕಿಟ್ಟೆಲರ ನಿಘಂಟು ನೆನಪಾಗುತ್ತವೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಈ ಮಿಶನ್ನಿನ ಬಂಗಲೆಗಳಲ್ಲಿ ಸಂಸಾರಗಳೂ ಇದ್ದವೆಂಬುದು ಮರೆತೇ ಹೋಗುತ್ತದೆ. ಮದುವೆಗೂ ಬಾಸೆಲ್ಲಿನ ಸಮಿತಿಯ ಒಪ್ಪಿಗೆ ಬೇಕು. ಎಷ್ಟೋ ವಧುಗಳು ಮುಖವನ್ನೇ ಕಾಣದ ವರನಿಗಾಗಿ ಹಡಗು ಹತ್ತಿ ಬಂದವರು. ಆ ಧೈರ್ಯವನ್ನೇನೋ ಮೆಚ್ಚಬಹುದು. ನನಗೆ ಅರಗದ್ದು ಮಕ್ಕಳ ವಿಷಯ.

ಮಕ್ಕಳನ್ನು ಓದಿಗಾಗಿ ಎಳವೆಯಲ್ಲೇ ಯುರೋಪಿಗೆ ಕಳಿಸಿಬಿಡಬೇಕು. ಇಲ್ಲಿನ ಜ್ವರ, ಕಾಲರಾಗಳ ಭಯವೂ ಇತ್ತೆನ್ನಿ. ಮಲಯಾಳ ನಿಘಂಟು ರಚಿಸಿದ ಹರ್ಮನ್ ಗುಂಡರ್ಟರ ಮಗಳು ಮರೀ ಹುಟ್ಟಿದ್ದು 1842ರಲ್ಲಿ, ತಲಶ್ಶೇರಿಯಲ್ಲಿ. ತಾಯಿ ಜೂಲಿ ಅಲ್ಲಿನ ಹೆಣ್ಣುಮಕ್ಕಳಿಗೆ ಶಾಲೆ ನಡೆಸುತ್ತಿದ್ದವರು. ಊರವರ ಮಕ್ಕಳನ್ನು ಸಾಕಿ ಕಲಿಸಿದ ಆ ತಾಯಿ, ರಜೆಯಲ್ಲಿ ಯುರೋಪಿಗೆ ಹೋದಾಗ, ನಾಲ್ಕರ ಆಸುಪಾಸಿನ ಸ್ವಂತ ಮಗಳನ್ನು ಅಲ್ಲೇ ಬಿಟ್ಟು 1846ರಲ್ಲಿ ಮರುಪ್ರಯಾಣ ಹೊರಟರು. ಮರೀ ತಿರುಗಿ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ನಡುವೆ ಇದ್ದದ್ದು ವಾರಗಟ್ಟಲೆ ಪ್ರಯಾಣ ಮಾಡಿ ಬರುವ ಕಾಗದಗಳು.

ಕಾದಂಬರಿಕಾರ ಹರ್ಮನ್ ಹೆಸ್ಸೆಗೆ ತಾಯಿಯಾದದ್ದು ಈಕೆಯೇ. ಅವನ ತಂದೆಯೂ ಮಂಗಳೂರಿನಲ್ಲಿ ಕೆಲಸ ಮಾಡಿದವರು. ಆದರೆ ನನಗೆ ಕಾಡುವುದು ಆ ಹನ್ನೊಂದು ವರ್ಷ. ಅಪ್ಪ ಇಲ್ಲಿ ಒಂದೊಂದೇ ಮಲಯಾಳ ಪದವನ್ನು ಹೆಕ್ಕಿ ಕೂಡಿಡುತ್ತಿದ್ದಾಗ, ಮಗಳು ಅಲ್ಲಿ ಅದೇ ಪದಗಳನ್ನು ಒಂದೊಂದಾಗಿ ಮರೆಯುತ್ತಿದ್ದಿರಬೇಕು.