ಕಸಿಯಾದ ಮೂರನೇ ದಿನ

ನಾನು ಚನ್ನಗಿರಿಯವನು. ಮಾವಿನ ಕಸಿ ಕೂಡದಿದ್ರೆ ಕಟ್ಟಿದ ಕೊಂಬೆ ಒಣಗುತ್ತೆ, ಅಷ್ಟೇ. ಅಸ್ಥಿಮಜ್ಜೆ ಕಸಿಯಲ್ಲಿ ಉಲ್ಟಾ: ದಾನಿಯ ಕೋಶಗಳೇ ರೋಗಿಯ ಚರ್ಮ, ಕರುಳು, ಲಿವರ್ ಮೇಲೆ ತಿರುಗಿ ಬೀಳಬಹುದು. ಅದೇ ಜಿವಿಎಚ್‌ಡಿ.

ಭಾರತದಲ್ಲಿ ಈ ಕಸಿ 1983ರಲ್ಲಿ ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ ಶುರುವಾಯ್ತು. ಸೈಕ್ಲೋಸ್ಪೊರಿನ್ ಜೊತೆ ಮೆಥೊಟ್ರೆಕ್ಸೇಟ್ ಕೊಟ್ರೆ ದಾಳಿ ತಗ್ಗುತ್ತೆ ಅಂತ 1986ರಲ್ಲಿ ಸಿಯಾಟಲ್ ವೈದ್ಯರು ತೋರಿಸಿದ್ರು. ಆದ್ರೂ ಪೂರ್ತಿ ಹೊಂದುವ ದಾನಿಯೇ ಬೇಕಿತ್ತು. ಒಡಹುಟ್ಟಿದ ಒಬ್ಬೊಬ್ಬರೂ ಹೊಂದುವ ಸಾಧ್ಯತೆ 25% ಮಾತ್ರ. ಒಂದೇ ಮಗುವಿನ ಮನೆಯವರು ದಾನಿಯನ್ನ ಎಲ್ಲಿಂದ ತರೋದು?

ಆಮೇಲೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಹಳೇ ಕ್ಯಾನ್ಸರ್ ಔಷಧಿ ಸೈಕ್ಲೋಫಾಸ್ಫಮೈಡನ್ನ ಕಸಿಯಾದ 3 ಮತ್ತು 4ನೇ ದಿನ ಕೊಟ್ಟು ನೋಡಿದ್ರು. ಹುಚ್ಚು ಧೈರ್ಯ ಅನ್ಸುತ್ತೆ ನಂಗೆ! ದಾಳಿಗೆ ಭರಭರನೆ ಹೆಚ್ಚುವ ಕೋಶಗಳು ಸಾಯ್ತವೆ, ಕಾಂಡಕೋಶ ಉಳಿಯುತ್ತೆ. ಹಾಗಾಗಿ ಅರ್ಧ ಹೊಂದುವ ಅಪ್ಪ, ಅಮ್ಮನೂ ಈಗ ದಾನಿ. ಬೆಂಗಳೂರಲ್ಲೂ ಇಂಥ ಕಸಿ ನಡೀತಿದೆ.