ಮನಸ್ಸು ಬೇರೆ, ಸಾಕ್ಷಿ ಬೇರೆ

ದೂರದಲ್ಲಿ ನೀರು ಕಾಣುತ್ತದೆ. ಅದು ನೀರೋ ಬಿಸಿಲ್ಗುದುರೆಯೋ? ಹೋಗಿ ಕುಡಿದಾಗ ದಾಹ ತೀರಿದರೆ ಕಂಡದ್ದು ನಿಜ ಎಂದರು ನೈಯಾಯಿಕರು. ಅವರ ಪ್ರಕಾರ ಒಂದು ಅರಿವು ಸರಿಯೆಂದು ತಿಳಿಯುವುದು ಅದರಾಚೆಗಿನ ಇನ್ನೊಂದು ಅರಿವಿನಿಂದ, ತರ್ಕದ ಮೂಲಕ. 14ನೆಯ ಶತಮಾನದಲ್ಲಿ ಮಿಥಿಲೆಯ ಗಂಗೇಶ ‘ತತ್ತ್ವಚಿಂತಾಮಣಿ’ಯಲ್ಲಿ ಈ ಪಕ್ಷವನ್ನು ಬಹಳ ಬಿಗಿಯಾಗಿ ಕಟ್ಟಿದ.

ಕನ್ನಡ ನಾಡಿನಿಂದ ಅದಕ್ಕೆ ಎದುರು ನಿಂತವರು ವ್ಯಾಸತೀರ್ಥರು. ಮುಳಬಾಗಿಲಿನ ಶ್ರೀಪಾದರಾಜರ ಶಿಷ್ಯರು, ವಿಜಯನಗರದಲ್ಲಿ ಕೃಷ್ಣದೇವರಾಯನ ಗೌರವ ಪಡೆದವರು. ಅವರ ‘ತರ್ಕತಾಂಡವ’ ನ್ಯಾಯಶಾಸ್ತ್ರವನ್ನು ಅದರ ಪರಿಭಾಷೆಯಲ್ಲೇ ಎದುರಿಸಿದ ಗ್ರಂಥ. ಅವರ ಪಕ್ಷದ ಮೂಲಪ್ರಶ್ನೆ ಸರಳ: ದಾಹ ತೀರಿತೆಂಬ ಅರಿವು ಸರಿಯೆಂದು ಹೇಳುವವರು ಯಾರು? ಅದಕ್ಕೂ ಮತ್ತೊಂದು ಅರಿವು ಬೇಕೆಂದರೆ, ಆ ಮತ್ತೊಂದಕ್ಕೆ ಇನ್ನೊಂದು ಬೇಕು. ಈ ಸರಪಳಿಗೆ ಕೊನೆಯಿಲ್ಲ. ಶಾಸ್ತ್ರದಲ್ಲಿ ಇದಕ್ಕೆ ಅನವಸ್ಥೆ ಎನ್ನುತ್ತಾರೆ.

ಸರಪಳಿ ನಿಲ್ಲುವ ಜಾಗವನ್ನು ಮಧ್ವಾಚಾರ್ಯರು 13ನೆಯ ಶತಮಾನದಲ್ಲೇ ಸೂಚಿಸಿದ್ದರು. ಅದರ ಹೆಸರು ಸಾಕ್ಷಿ: ಆತ್ಮದ ಸ್ವರೂಪವೇ ಆದ ಒಳಗಣ್ಣು. ನೋವು, ಸುಖ, ಕಾಲ ಇವು ನೇರವಾಗಿ ಗೊತ್ತಾಗುವುದು ಅದಕ್ಕೆ. ಹೊಟ್ಟೆ ಹಸಿದವನು ತನಗೆ ಹಸಿವಾಗಿದೆ ಎನ್ನಲು ಪುರಾವೆ ಹುಡುಕುವುದಿಲ್ಲ. ಅರಿವು ಸರಿಯೆಂಬ ಕೊನೆಯ ಮುದ್ರೆಯನ್ನು ಒತ್ತುವುದೂ ಅದೇ.

ಹಾಗಾದರೆ ತರ್ಕಕ್ಕೆ ಕೆಲಸವಿಲ್ಲವೇ? ಇದೆ. ಸಂಶಯ ಬಂದಾಗ ಪರೀಕ್ಷೆ ಬೇಕು ಎನ್ನುತ್ತದೆ ದ್ವೈತ ಪರಂಪರೆ. ನೀರಿನ ಹತ್ತಿರ ಹೋಗಬೇಕು, ಮುಟ್ಟಬೇಕು, ಊಹಿಸಬೇಕು. ಪರೀಕ್ಷೆ ಸಂಶಯವನ್ನು ಕಳೆಯುತ್ತದೆ. ಸಂಶಯ ಕಳೆದ ಮೇಲೆ ಸಾಕ್ಷಿ ಒಪ್ಪುತ್ತದೆ. ತರ್ಕ ಹಾದಿ ತೆರವು ಮಾಡುತ್ತದೆ, ನಿಶ್ಚಯ ಒಳಗಿನಿಂದ ಬರುತ್ತದೆ.

ಇಲ್ಲೊಂದು ಅಪಾಯವೂ ಇದೆ. ‘ನನಗೆ ಒಳಗಿನಿಂದಲೇ ಗೊತ್ತು’ ಎಂದು ಹಟಮಾರಿಯೂ ಹೇಳಬಹುದು. ಅದಕ್ಕೇ ಈ ಪರಂಪರೆ ಮನಸ್ಸನ್ನೂ ಸಾಕ್ಷಿಯನ್ನೂ ಬೇರೆಯಾಗಿಸಿತು. ಮನಸ್ಸಿನ ನಂಬಿಕೆ ಎಷ್ಟೇ ಗಟ್ಟಿಯಾಗಿದ್ದರೂ ತಪ್ಪಬಹುದು, ಸಾಕ್ಷಿ ತಪ್ಪದು. ಆದರೆ ಈ ಕ್ಷಣದ ಖಚಿತತೆ ಯಾವುದರದು ಎಂದು ಪತ್ತೆಹಚ್ಚುವುದು ಹೇಗೆ? ಎದುರಾಳಿಗಳ ಈ ಪ್ರಶ್ನೆಯ ಮೊನೆ ಇನ್ನೂ ಮೊಂಡಾಗಿಲ್ಲ. ಪರೀಕ್ಷೆಗೆ ಒಡ್ಡಿಕೊಳ್ಳಲು ಒಪ್ಪದ ಖಚಿತತೆಯನ್ನು ಮನಸ್ಸಿನದೆಂದೇ ಶಂಕಿಸಬೇಕು ಎಂಬಷ್ಟನ್ನು ಮಾತ್ರ ಈ ಚರ್ಚೆಯಿಂದ ಧೈರ್ಯವಾಗಿ ಪಡೆಯಬಹುದು.

ವ್ಯಾಸತೀರ್ಥರು 1539ರಲ್ಲಿ ತೀರಿಕೊಂಡರು. ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯ ನವಬೃಂದಾವನದಲ್ಲಿ ಅವರ ಬೃಂದಾವನವಿದೆ. ಅವರು ಅಷ್ಟು ಜತನದಿಂದ ಬೇರೆಯಾಗಿಟ್ಟ ಎರಡು ಪದಗಳನ್ನು ದಿನಬಳಕೆಯ ಕನ್ನಡ ಒಂದೇ ಮಾಡಿಕೊಂಡಿದೆ: ಮನಸ್ಸಾಕ್ಷಿ.